ಶಿಕಾರಿ ಮಾಡುತ್ತಿದ್ದ ಮಾವ ಈಗ ಅಳಿಲಿಗೆ ನೀರಿಡುತ್ತಾರೆ: ಇದೇನಿದು?

ಪ್ರಶ್ನೆ: ನಮ್ಮದು ಚಿಂಚೋಳಿ ಕಡೆಯ ಹಳ್ಳಿ, ಈಗ ಕಲಬುರಗಿಯಲ್ಲಿ ಮನೆ. ನಮ್ಮ ಮಾವನವರಿಗೆ 74 ವರ್ಷ. ಹರೆಯದಲ್ಲಿ ಭಾರೀ ಶಿಕಾರಿ ಮಾಡಿದವರು. ಮೊಲ, ಕೌಜುಗ, ಬುರ್ಲಿಗೆ ಲೆಕ್ಕವೇ ಇಲ್ಲ, ಒಂದೆರಡು ಚಿಗರಿಯನ್ನೂ ಹೊಡೆದಿದ್ದಾರಂತೆ. ಆದರೆ ಏಳೆಂಟು ವರ್ಷದಿಂದ ಹಿತ್ತಲ ಬೇವಿನ ಗಿಡದ ಕೆಳಗೆ ದಿನಾ ನೀರಿಡುತ್ತಾರೆ, ಅಳಿಲಿಗೆ ಶೇಂಗಾ ಹಾಕುತ್ತಾರೆ. ಯಾವ ಅಳಿಲು ಬಂತು, ಯಾವುದು ಬರಲಿಲ್ಲ ಅಂತ ಸಂಜೆ ನಮಗೆ ವರದಿ ಕೊಡುತ್ತಾರೆ. ಹೋದ ತಿಂಗಳು ಗೂಡಿನಿಂದ ಬಿದ್ದ ಅಳಿಲಿನ ಮರಿಗೆ ಹಾಲು ಕುಡಿಸಿದರು. ಅದು ಸತ್ತಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಮಗ ಕವಣೆ ಹಿಡಿದರೆ ಬೈಯುತ್ತಾರೆ. ಆದರೆ ಊರಿನ ತೊಗರಿ ಹೊಲಕ್ಕೆ ಕಾಡುಹಂದಿ ನುಗ್ಗಿತು ಅಂದರೆ ಮಾತ್ರ ‘ಹೊಡೀರಿ’ ಅನ್ನುತ್ತಾರೆ. ಗೋಡೆಯ ಮೇಲಿದ್ದ ಚಿಗರಿ ಕೊಂಬನ್ನು ಇಳಿಸಿ ಅಟ್ಟಕ್ಕೆ ಹಾಕಿದ್ದಾರೆ. ಮನೆಯಲ್ಲಿ ಎಲ್ಲರೂ ‘ಮಾಡೋದೆಲ್ಲ ಮಾಡಿ ಈಗ ಸನ್ಯಾಸಿ ಆದ್ರು’ ಅಂತ ನಗುತ್ತಾರೆ. ಇದು ಪಾಪದ ಭಯವೋ, ತೋರಿಕೆಯೋ, ಮರೆವಿನ ಕಾಯಿಲೆಯ ಶುರುವೋ?
ಒಬ್ಬ ಸೊಸೆ, ಕಲಬುರಗಿ

ಉತ್ತರ: ತಂಗಿ, ಮೊದಲು ಕಾಯಿಲೆಯ ಮಾತು ಮುಗಿಸಿಬಿಡೋಣ. ನಿಮ್ಮನ್ನು ಅದೇ ಜಾಸ್ತಿ ಕಾಡುತ್ತಿದೆ ಅನ್ನಿಸುತ್ತದೆ. ನಾನು ದನದ ಡಾಕ್ಟರು, ಮನುಷ್ಯರದ್ದಲ್ಲ. ಆದರೂ ಇಷ್ಟು ಹೇಳಬಲ್ಲೆ: ಮಿದುಳಿನ ಮುಂಭಾಗಕ್ಕೆ ಬರುವ ಮರೆವಿನ ಕಾಯಿಲೆಯಲ್ಲಿ ಮನುಷ್ಯ ಮೆತ್ತಗಾಗುವುದಕ್ಕಿಂತ ಒರಟಾಗುವುದೇ ಹೆಚ್ಚು. ಬೇರೆಯವರ ನೋವು ಅವನಿಗೆ ತಟ್ಟುವುದಿಲ್ಲ. ನಿಮ್ಮ ಮಾವನವರದ್ದು ಇದರ ಉಲ್ಟಾ. ಅಳಿಲುಗಳ ಹಾಜರಿ ತೆಗೆದುಕೊಳ್ಳುವ ತಲೆ ಚುರುಕಾಗಿಯೇ ಇದೆ. ದಾರಿ ತಪ್ಪುವುದು, ದುಡ್ಡಿನ ಲೆಕ್ಕ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಶುರುವಾದರೆ ಡಾಕ್ಟರಿಗೆ ತೋರಿಸಿ. ಏಳೆಂಟು ವರ್ಷದಲ್ಲಿ ಮೆಲ್ಲಗೆ ಬಂದ ಬದಲಾವಣೆಗೆ ಹೆದರಬೇಡಿ. ಎರಡು ದಿನ ಊಟ ಬಿಟ್ಟರಲ್ಲ, ಅದು ದುಃಖ.

ಇನ್ನು ಪಾಪದ ಭಯ. ಬೀದರ, ಕಲಬುರಗಿ, ಯಾದಗಿರಿ ಸುತ್ತ ಮೂವತ್ತು ವರ್ಷ ನೌಕರಿ ಮಾಡಿದವನು ನಾನು. ದನದ ಡಾಕ್ಟರಿಗೆ ಹಳೆಯ ಶಿಕಾರಿಗಳು ಬಹಳ ಸಿಗುತ್ತಾರೆ. ಎಮ್ಮೆಗೆ ಸೂಜಿ ಹಾಕಿ ಕೈ ತೊಳೆಯುವ ಹೊತ್ತಿಗೆ ಚಹಾ ಬರುತ್ತದೆ, ಚಹಾದ ಜೊತೆ ಕಥೆ ಬರುತ್ತದೆ. ಅಂಥ ಒಬ್ಬರ ಕಥೆ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ನನ್ನ ಅರ್ಧ ಉತ್ತರ ಅದರಲ್ಲೇ ಇದೆ.

ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಎಮ್ಮೆ ಈದು ಮಾಸು ಬಿದ್ದಿರಲಿಲ್ಲ, ಬೆಳಗಿನ ಜಾವವೇ ಕರೆ ಬಂತು. ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಬಿದಿರಿನ ಪಂಜರದಿಂದ ಒಂದು ಕೌಜುಗ ಗಂಟಲು ಹರಿದುಕೊಳ್ಳುವ ಹಾಗೆ ಕೂಗತೊಡಗಿತು. ದೂರದ ಬದುವಿನಿಂದ ಇನ್ನೊಂದು ಉತ್ತರ ಕೊಟ್ಟಿತು. ಮನೆಯ ಯಜಮಾನರಿಗೆ ಆಗ ಎಪ್ಪತ್ತು ದಾಟಿತ್ತು. ಜೀವನವಿಡೀ ಕೌಜುಗ ಹಿಡಿದವರು. ಅದರ ರೀತಿ ಹೀಗೆ: ಸಾಕಿದ ಗಂಡು ಹಕ್ಕಿಯ ಪಂಜರವನ್ನು ನಸುಕಿನಲ್ಲಿ ಹೊಲದ ಬದುವಿಗೆ ಇಡುತ್ತಾರೆ. ಸುತ್ತಲೂ ಕುದುರೆ ಬಾಲದ ಕೂದಲಿನ ಉರುಲು. ಸಾಕಿದ್ದು ಕೂಗುತ್ತದೆ. ಆ ಜಾಗದ ಒಡೆಯನಾದ ಕಾಡಿನ ಗಂಡು ತಡೆದುಕೊಳ್ಳಲಾರದೆ ಓಡಿ ಬರುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ‘ಹೆಣ್ಣಿನ ಆಸಿಗಿ ಅಲ್ರೀ ಸಾಹೇಬ್ರ, ಜಗಳಕ್ಕ ಬರ್ತದ ಅದು’ ಅಂದರು.

ಈಗಲೂ ಹಿಡಿಯುತ್ತೀರಾ ಅಂತ ಕೇಳಿದೆ. ಇಲ್ಲ, ಬಿಟ್ಟು ಆರು ವರ್ಷವಾಯಿತು ಅಂದರು. ಯಾಕೆ?

ಒಂದು ಚಳಿಗಾಲ ಅವರ ಕಾಲು ಮುರಿದಿತ್ತು. ಮೂರು ತಿಂಗಳು ಆ ಕಟ್ಟೆಯ ಮೇಲೇ ಕೂತರು. ದಿನಾ ನಸುಕಿನಲ್ಲಿ ಪಂಜರದ ಹಕ್ಕಿ ಕೂಗುವುದು, ಬದುವಿನ ಹಕ್ಕಿ ಉತ್ತರ ಕೊಡುವುದು. ಬದುವಿನದರ ದನಿ ಕೊನೆಗೆ ಒಂಚೂರು ಒಡೆಯುತ್ತಿತ್ತಂತೆ. ಕಾಲು ಕೂಡಿದ ಮೇಲೆ ಹಳೆಯ ಚಟಕ್ಕೆ ಪಂಜರ ಹೊತ್ತು ಬದುವಿಗೆ ಹೋದರು. ಉರುಲು ಕಟ್ಟಿ ಪೊದೆಯ ಹಿಂದೆ ಕೂತರು. ಅದು ಕೂಗುತ್ತ ಓಡಿ ಬಂತು. ಅದೇ ಒಡಕು ದನಿ. ‘ಇಂವ ಅಂವನೇ ಅಂತ ಗೊತ್ತಾತ್ರೀ. ಮೂರು ತಿಂಗಳು ನನ್ ಕೂಡ ಮಾತಾಡ್ಲಕತ್ತಿದ್ದ. ಕೈ ಬರ್ಲಿಲ್ಲ, ಉರುಲು ಬಿಚ್ಚಿಕೊಂಡು ಬಂದೆ.’

ಅಹಿಂಸೆ ಗಿಹಿಂಸೆ ಅಂತ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ನನಗೋಸ್ಕರ ಕೋಳಿ ಕೊಯ್ಸಿದರು. ಕೌಜುಗ ಸಾಕುವುದೂ ಕಾನೂನಿಗೆ ವಿರುದ್ಧ ಅಂತ ನಾನು ಹೇಳಿದ್ದಕ್ಕೆ, ‘ಪಂಜರದ ಬಾಗಿಲಾ ತೆರದೇ ಅದ, ಹೋಗಂದ್ರ ಹೋಗ್ವಲ್ದು’ ಅಂತ ನಕ್ಕರು. ಸುಳ್ಳಲ್ಲ. ನಾನು ಹೊರಟಾಗ ಅವರು ಗಾಡಿಯ ತನಕ ಬಂದರು, ಆ ಹಕ್ಕಿ ನಾಯಿಮರಿಯ ಹಾಗೆ ಅವರ ಹಿಂದೆಯೇ ಗುಡುಗುಡು ಓಡಿ ಬಂತು. ಪಳಗಿದ ಕೌಜುಗಗಳು ಹೀಗೆ ಮಾಡುವುದುಂಟು.

ಬೇಟೆಗಾರನ ಮನಸ್ಸು ಹೀಗೆ ಬದಲಾಗುವುದನ್ನು ಅಧ್ಯಯನ ಮಾಡಿದವರೂ ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕ್ಯಾಂಪಸ್‌ನಲ್ಲಿ ರಾಬರ್ಟ್ ಜಾಕ್ಸನ್, ರಾಬರ್ಟ್ ನಾರ್ಟನ್ ಅಂತ ಇಬ್ಬರು ಪ್ರಾಧ್ಯಾಪಕರಿದ್ದರು. 1970ರ ದಶಕದಲ್ಲಿ ಶುರುಮಾಡಿ ಸಾವಿರಕ್ಕೂ ಹೆಚ್ಚು ಬೇಟೆಗಾರರನ್ನು ಮಾತಾಡಿಸಿದರು. ಬೇಟೆಗಾರ ಐದು ಹಂತ ದಾಟುತ್ತಾನೆ ಅನ್ನುವುದು ಅವರ ಮಾತು. ಮೊದಲು ಸುಮ್ನೆ ಗುಂಡು ಹಾರಿಸುವ ಖುಷಿ. ಆಮೇಲೆ ಎಷ್ಟು ಬಿದ್ದವು ಅನ್ನುವ ಲೆಕ್ಕ. ಆಮೇಲೆ ದೊಡ್ಡ ಕೊಂಬಿನದ್ದೇ ಬೇಕು ಅನ್ನುವ ಹಟ. ನಾಲ್ಕನೆಯದು ಹೇಗೆ ಹೊಡೆದೆ ಅನ್ನುವುದರ ಮೇಲಿನ ಮೋಹ, ಬಂದೂಕು ಬಿಟ್ಟು ಬಿಲ್ಲು ಹಿಡಿಯುವ ಥರ. ಕೊನೆಗೆ ಕಾಡಿನಲ್ಲಿ ಇರುವುದೇ ಸಾಕು, ಬಿದ್ದರೂ ಸರಿ ಬೀಳದಿದ್ದರೂ ಸರಿ.

ಇದನ್ನು ನಮ್ಮ ಕಡೆಗೆ ಹಾಗೇ ತಂದು ಹೊಂದಿಸಲು ಆಗುವುದಿಲ್ಲ. ಅಲ್ಲಿನವರು ಲೈಸೆನ್ಸ್ ಪಡೆದು, ಸೀಸನ್ ನೋಡಿ, ಹವ್ಯಾಸಕ್ಕೆ ಬೇಟೆಯಾಡುವವರು. ನಮ್ಮಲ್ಲಿ ಕೊಂಬು, ಚರ್ಮದ ಹಟ ಇದ್ದದ್ದು ನಿಜಾಮರ ಕಾಲದ ಜಾಗೀರದಾರರಿಗೆ, ಅವರ ಅತಿಥಿ ಸಾಹೇಬರಿಗೆ. ಹಳ್ಳಿಯವನಿಗೆ ಬೇಟೆ ಅಂದ್ರೆ ಸಾರು. ಬಲೆ ಹಾಕಿ ಒಂದು ಮೊಲ ಹಿಡಿದರೆ ಓಣಿಯ ನಾಲ್ಕು ಮನೆಗೆ ಹಂಚಿಕೆ. ನನಗೆ ಇನ್ನೊಂದು ಅನುಮಾನವೂ ಇದೆ. ಎಪ್ಪತ್ತರಲ್ಲಿ ಬೇಟೆ ಬಿಟ್ಟವರೆಲ್ಲ ಮನಸ್ಸು ಕರಗಿ ಬಿಟ್ಟವರಲ್ಲ. ಕಣ್ಣಿಗೆ ಪೊರೆ ಬಂತು, ಮೊಣಕಾಲು ಹಿಡಿಯಿತು, ಮಗ ಬಂದೂಕು ಸ್ಟೇಷನ್ನಿನಲ್ಲಿ ಇಟ್ಟು ಬಂದ, ಅಷ್ಟೇ. ಕೈಲಾಗದ್ದನ್ನು ಕರುಣೆ ಅಂತ ಕರೆದುಕೊಳ್ಳುವವರೂ ಇದ್ದಾರೆ. ಅಂಥವರನ್ನು ಗುರುತಿಸುವುದು ಸುಲಭ. ಅವರು ಬೇಟೆ ಬಿಟ್ಟ ಮೇಲೆ ಹಿತ್ತಲ ಕಡೆ ತಿರುಗಿಯೂ ನೋಡುವುದಿಲ್ಲ, ಟೀವಿ ನೋಡುತ್ತಾರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಅವರ ವಿಚಾರ ನನಗೆ ಇದಕ್ಕಿಂತ ಹತ್ತಿರವಾದದ್ದು. ಮುಂದಿರುವ ದಿನಗಳು ಕಮ್ಮಿ ಅಂತ ಅನ್ನಿಸಿದಾಗ ಮನುಷ್ಯ ಹೊಸದನ್ನು ಹುಡುಕಿಕೊಂಡು ಹೋಗುವುದು ಬಿಡುತ್ತಾನೆ, ಹತ್ತಿರ ಇರುವುದರ ಕಡೆಗೆ, ಮನಸ್ಸಿಗೆ ಹಿತವಾದುದರ ಕಡೆಗೆ ತಿರುಗುತ್ತಾನೆ ಅನ್ನುತ್ತಾರೆ ಅವರು. ಇದು ವಯಸ್ಸಿನದ್ದಲ್ಲ, ಉಳಿದ ಕಾಲದ ಲೆಕ್ಕದ್ದು. ದೊಡ್ಡ ಕಾಯಿಲೆ ಬಂದ ಹರೆಯದವರಲ್ಲೂ ಹೀಗೆಯೇ ಕಂಡುಬಂದಿದೆ. ನಿಮ್ಮ ಮಾವನವರ ಹತ್ತಿರದ ಜಗತ್ತು ಈಗ ಯಾವುದು ಹೇಳಿ? ಹಿತ್ತಲು. ಊರು ಬಿಟ್ಟು ಬಂದಿದ್ದಾರೆ, ಹೊಲ ದೂರ, ಜೊತೆಯ ಶಿಕಾರಿಗಳಲ್ಲಿ ಎಷ್ಟು ಜನ ಉಳಿದಿದ್ದಾರೋ. ಫರಸಿ ಹಾಸಿದ ಅಂಗಳ, ಒಂದು ಬೇವಿನ ಗಿಡ, ನಾಲ್ಕು ಅಳಿಲು.

ಆದರೆ ನಾಲ್ಕು ಅಳಿಲನ್ನು ಬೇರೆ ಬೇರೆಯಾಗಿ ಗುರುತಿಸಲು ನಿಮಗೆ ಬರುತ್ತದೆಯಾ? ನನಗೆ ಬರುವುದಿಲ್ಲ. ಅವರಿಗೆ ಬರುತ್ತದೆ. ಯಾಕೆ ಅಂದ್ರೆ ಅವರದ್ದು ಪಳಗಿದ ಶಿಕಾರಿ ಕಣ್ಣು. ಎಬ್ಬಿಸಿದ ಮೊಲ ಸುತ್ತು ಹಾಕಿ ಮತ್ತೆ ಅದೇ ಕಡೆಗೆ ಬರುತ್ತದೆ, ಕೌಜುಗ ಸಂಜೆ ಯಾವ ಜಾಲಿಯ ಮುಳ್ಳಿನೊಳಗೆ ಕೂರುತ್ತದೆ, ಎಲೆ ಅಲುಗಿದ್ದು ಗಾಳಿಗೋ ಜೀವಕ್ಕೋ: ಇದನ್ನೆಲ್ಲ ಐವತ್ತು ವರ್ಷ ನೋಡಿದ ಕಣ್ಣು. ಶಿಕಾರಿಯಲ್ಲಿ ಆ ನೋಟಕ್ಕೆ ಒಂದು ಕೊನೆ ಇರುತ್ತದೆ. ನೋಡಿದೆ, ಹೊಡೆದೆ, ಮುಗಿಯಿತು. ಪ್ರಾಣಿಯ ಜೊತೆಗಿನ ಪರಿಚಯ ಹತ್ತು ನಿಮಿಷದ್ದು. ಹಿತ್ತಲಲ್ಲಿ ಹೊಡೆಯುವ ಕೆಲಸ ಇಲ್ಲ, ಹಾಗಾಗಿ ನೋಟ ಮುಗಿಯುವುದೇ ಇಲ್ಲ. ಇವತ್ತು ನೋಡಿದ ಬಾಲ ತುಂಡಾದ ಅಳಿಲನ್ನೇ ನಾಳೆಯೂ ನೋಡಬೇಕು. ಭಾಲ್ಕಿಯವರಿಗೆ ಮುರಿದ ಕಾಲು ಮಾಡಿದ್ದನ್ನು ನಿಮ್ಮ ಮಾವನವರಿಗೆ ನಿಮ್ಮ ಹಿತ್ತಲು ಮಾಡಿದೆ. ಹಾಗಾಗಿ ಮನಸ್ಸು ಬದಲಾಯಿತು ಅನ್ನುವುದಕ್ಕಿಂತ ಅದೇ ಹಳೆಯ ಚಾಳಿ ಮುಂದುವರಿದಿದೆ ಅಂತಲೇ ನನಗೆ ಅನ್ನಿಸುವುದು. ಸಾಹೇಬರ ಮನೆಯಲ್ಲಿ ಹುಟ್ಟಿ ಎಂದೂ ಕವಣೆ ಮುಟ್ಟದ ನಾನು ನಿಮ್ಮ ಹಿತ್ತಲಲ್ಲಿ ಕೂತರೆ ಅರ್ಧ ಗಂಟೆಗೆ ಮೊಬೈಲು ತೆಗೆಯುತ್ತೇನೆ.

ಹಾಗಾದರೆ ಹಂದಿಗೆ ಯಾಕೆ ‘ಹೊಡೀರಿ’ ಅನ್ನುತ್ತಾರೆ? ಇಲ್ಲಿ ತೋರಿಕೆ ಏನೂ ಇಲ್ಲ. ಹೆಸರಾಂತ ಶಿಕಾರಿ ಜಿಮ್ ಕಾರ್ಬೆಟ್ 1875ರಲ್ಲಿ ಹುಟ್ಟಿದವರು. ನಡುವಯಸ್ಸು ದಾಟಿದ ಮೇಲೆ ಹವ್ಯಾಸದ ಹುಲಿ ಬೇಟೆ ಬಿಟ್ಟು ಕ್ಯಾಮೆರಾ ಹಿಡಿದರು, ಹುಲಿ ಉಳಿಸಿ ಅಂತ ಊರೂರು ಮಾತಾಡಿದರು. ಆದರೂ 1938ರಲ್ಲಿ, 63ನೇ ವಯಸ್ಸಿನಲ್ಲಿ, ಠಾಕ್ ಎಂಬ ಹಳ್ಳಿಯ ನರಭಕ್ಷಕ ಹುಲಿಯನ್ನು ಹೊಡೆದರು. ಎರಡೂ ಒಬ್ಬನೇ ಮನುಷ್ಯ. ಹಕ್ಕಿಗಳ ಸಾಲಿಂ ಅಲಿ ಅವರದ್ದೂ ಹಾಗೆಯೇ. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು, ಅದರ ಕುತ್ತಿಗೆಯ ಹಳದಿ ಗುರುತು ಏನು ಅಂತ ಕೇಳಲು ಹೋದದ್ದೇ ಅವರ ಹಕ್ಕಿ ಹುಚ್ಚಿನ ಶುರು. 1931-32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ನಮ್ಮ ಜಿಲ್ಲೆಗಳೂ ಆಗ ಆ ಸಂಸ್ಥಾನದೊಳಗೇ ಇದ್ದವು. ಆ ಸಮೀಕ್ಷೆ ನಡೆದದ್ದು ದುರ್ಬೀನಿನಿಂದ ಮಾತ್ರ ಅಲ್ಲ, ನಮೂನೆಗೆ ಅಂತ ಹಕ್ಕಿ ಹೊಡೆದೂ. ಪ್ರೀತಿ ಮತ್ತು ಬಂದೂಕು ಒಂದೇ ಕೈಯಲ್ಲಿ ಬಹಳ ಕಾಲ ಇದ್ದವು.

ನಿಮ್ಮ ಮಾವನವರಿಗೆ ಅಳಿಲು ಪರಿಚಯದ್ದು, ಹಂದಿ ಅಪರಿಚಿತ. ಅಳಿಲು ತಿನ್ನುವುದು ನಾಲ್ಕು ಕಾಳು ಶೇಂಗಾ, ಹಂದಿ ತಿನ್ನುವುದು ವರ್ಷದ ತೊಗರಿ. ರೈತನ ಸಿಟ್ಟು ನ್ಯಾಯದ್ದೇ. ಆದರೆ ‘ಹೊಡೀರಿ’ ಅನ್ನುವ ಮಾತನ್ನು ಊರಿನ ಹುಡುಗರು ಕೇಳಿಸಿಕೊಳ್ಳುತ್ತಾರೆ, ಅದೊಂದು ಕಷ್ಟ. ಅನುಮತಿ ಇಲ್ಲದೆ ಕಾಡುಹಂದಿ ಹೊಡೆಯುವುದು ಅಪರಾಧ. ಬೇಲಿಗೆ ಕರೆಂಟು ಕೊಡುವುದು, ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವುದು ಇನ್ನೂ ಕೆಟ್ಟದ್ದು. ಹಂದಿಗೆ ಇಟ್ಟ ಮದ್ದನ್ನು ಎಮ್ಮೆಯೊಂದು ಕಚ್ಚಿತ್ತು, ನನ್ನ ಹತ್ತಿರ ತಂದಿದ್ದರು. ಕೆಳದವಡೆ ಇರಲಿಲ್ಲ. ನಾಲಿಗೆ ಜೋತಾಡುತ್ತಿತ್ತು, ಅದು ನೀರಿನ ತೊಟ್ಟಿಗೆ ಮುಖ ಹಾಕಿ ಹಾಕಿ ತೆಗೆಯುತ್ತಿತ್ತು. ಮಾವನವರಿಗೆ ಇದನ್ನು ಹೇಳಿ, ಅವರಿಗೆ ಅರ್ಥವಾಗುತ್ತದೆ. ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಪರಿಹಾರ ಬರುತ್ತದೆ, ತಡವಾಗಿ ಬರುತ್ತದೆ.

ಮನೆಯವರ ‘ಸನ್ಯಾಸಿ’ ಮಾತಿಗೂ ಒಂದು ಉತ್ತರ ಇದೆ. ಕಲಬುರಗಿಯಲ್ಲಿ ಇದ್ದುಕೊಂಡು ಹಕ್ಕಿಗೆ ನೀರಿಡುವವರನ್ನು ನೋಡಿ ನಗುವುದೇ? ಆ ಊರಿನ ಸಂತ ಶರಣಬಸಪ್ಪನ ಕಥೆ ಅಲ್ಲಿನ ಮಕ್ಕಳಿಗೂ ಗೊತ್ತು. ಜೋಳದ ಹೊಲ ಕಾಯಲು ಕಳಿಸಿದರೆ ಹಕ್ಕಿ ಓಡಿಸಲಿಲ್ಲ, ಕಾಳು ತಿಂದು ಬಾಯಾರಿದಾವು ಅಂತ ಗಡಿಗೆಯಲ್ಲಿ ನೀರಿಟ್ಟರು. ಗುಡಿಗೆ ಹೋಗಿ ಕೈಮುಗಿದು ಬರುವವರೇ ಹಿತ್ತಲ ಗಡಿಗೆ ನೋಡಿ ನಗುತ್ತಾರೆ. ಎಪ್ಪತ್ತು ವರ್ಷದ ಗಂಡಸು ನಮ್ಮ ಸೀಮೆಯಲ್ಲಿ ‘ನನಗೆ ಅಳಿಲು ಅಂದ್ರೆ ಇಷ್ಟ’ ಅಂತ ಬಾಯಿಬಿಟ್ಟು ಹೇಳಲಾರ, ನಾಚಿಕೆ. ‘ಪುಣ್ಯ ಬರ್ತದ’ ಅಂದರೆ ಯಾರೂ ಏನೂ ಅನ್ನುವುದಿಲ್ಲ. ನೀವು ಪಾಪದ ಭಯ ಅಂದುಕೊಂಡದ್ದು ಬಹುಶಃ ಈ ಸಂಕೋಚವೇ ಇರಬೇಕು.

ಇನ್ನು ಹಾಲಿನ ವಿಷಯ. ನಾನೂ ಅದೇ ತಪ್ಪು ಮಾಡಿದವನು. ಓದುವ ಕಾಲದಲ್ಲಿ ಹಾಸ್ಟೆಲಿನ ಹಿಂದೆ ಸಿಕ್ಕ ಅಳಿಲಿನ ಮರಿಗೆ ಇಂಕು ತುಂಬುವ ಪಿಳ್ಳೆಯಿಂದ ಆಕಳ ಹಾಲು ಕುಡಿಸಿದೆ. ಹೊಟ್ಟೆ ಉಬ್ಬಿ, ಭೇದಿಯಾಗಿ, ಮರುದಿನ ಸತ್ತಿತು. ಪಶುವೈದ್ಯ ಓದುವವನ ಕೈಯಲ್ಲಿ! ದನದ ಹಾಲು ಆ ಮರಿಗೆ ಜೀರ್ಣವಾಗುವುದಿಲ್ಲ. ಹಾಲಿಗಿಂತ ಮೊದಲು ಅದಕ್ಕೆ ಬೇಕಾದದ್ದು ಬಿಸುಪು. ತಣ್ಣಗಾದ ಮರಿಗೆ ಏನು ಕುಡಿಸಿದರೂ ಅಪಾಯವೇ. ಮುಂದಿನ ಸಲ ಮರಿ ಬಿದ್ದರೆ ಹಳೆಯ ಬಟ್ಟೆ ಹಾಸಿದ ರಟ್ಟಿನ ಡಬ್ಬಿಯಲ್ಲಿಟ್ಟು, ಬಟ್ಟೆಯ ಕೆಳಗೆ ಬೆಚ್ಚನೆ ನೀರಿನ ಬಾಟಲಿ ಇಟ್ಟು, ಅದೇ ಗಿಡದ ಬುಡದಲ್ಲಿ ಬಿಡಿ. ಬೆಕ್ಕು, ಕಾಗೆ ಬರದ ಹಾಗೆ ದೂರದಿಂದ ಕಾಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಎಷ್ಟೋ ಸಲ ತಾಯಿ ಇಳಿದು ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕಾಯುವ ಕೆಲಸ ಮಾವನವರಿಗೆ ಬಿಡಿ, ಅವರಷ್ಟು ಚೆನ್ನಾಗಿ ಅಲ್ಲಾಡದೆ ಕೂರುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲ. ಮರಿ ಸತ್ತದ್ದು ಹಾಲಿನಿಂದಲೇ ಅಂತ ಮಾತ್ರ ಅವರಿಗೆ ಹೇಳಬೇಡಿ. ಮುಂದಿನ ಸಲಕ್ಕೆ ಹೀಗೆ ಮಾಡೋಣ ಅಂದರೆ ಸಾಕು.

ಶೇಂಗಾ ಹಾಕಲಿ, ಕಮ್ಮಿ ಹಾಕಲಿ. ಉಪ್ಪು ಹಾಕಿ ಹುರಿದದ್ದು ಬೇಡ. ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ, ಅದರಲ್ಲಿ ಯಕೃತ್ತಿಗೆ ಕೆಡುಕು ಮಾಡುವ ವಿಷ ಹುಟ್ಟುತ್ತದೆ. ಹಕ್ಕಿಗೆ ಜೋಳ, ಸಜ್ಜೆ, ನವಣೆ ಒಳ್ಳೆಯದು, ಬ್ರೆಡ್ಡು ಬೇಡ. ನೀರಿನ ಗಡಿಗೆ ದಿನಾ ತಿಕ್ಕಿ ತೊಳೆಯಬೇಕು, ಬರೀ ಮೇಲೆ ಮೇಲೆ ತುಂಬುವುದಲ್ಲ. ಹಿಕ್ಕೆ ಬಿದ್ದ ನೀರಿನಿಂದ ಒಂದು ಹಕ್ಕಿಯ ರೋಗ ಹತ್ತಕ್ಕೆ ಅಂಟುತ್ತದೆ. ಅಗಲ ಬಾಯಿಯ, ಆಳ ಕಮ್ಮಿ ಇರುವ ಮಣ್ಣಿನ ಪಾತ್ರೆ ಇರಲಿ, ನಡುವೆ ಒಂದು ಕಲ್ಲಿಡಿ. ಮೇ ತಿಂಗಳಲ್ಲಿ ನಿಮ್ಮಲ್ಲಿ ಬಿಸಿಲು 44 ಡಿಗ್ರಿ ಮುಟ್ಟುತ್ತದೆ, ಶಹಾಬಾದ ಕಲ್ಲಿನ ಮೇಲಿಟ್ಟ ನೀರು ಮಧ್ಯಾಹ್ನಕ್ಕೆ ಕೈ ಇಡದ ಹಾಗೆ ಕಾಯುತ್ತದೆ. ಗಿಡದ ನೆರಳಿನಲ್ಲಿ, ನೆಲದ ಮಣ್ಣಿನ ಮೇಲಿಡಿ.

ಮಗನ ಕವಣೆಯನ್ನು ಕಸಿದುಕೊಳ್ಳಿ, ಆದರೆ ಬೈಗುಳದಿಂದ ಅಜ್ಜನೂ ಮೊಮ್ಮಗನೂ ದೂರಾಗುತ್ತಾರೆ. ‘ಅಜ್ಜಾ, ಮೊಲ ಹೋದ ಹೆಜ್ಜೆ ಹೆಂಗ ಗುರ್ತ ಹಿಡೀತಿದ್ದಿ?’ ಅಂತ ಒಂದು ಸಲ ಅವನಿಂದ ಕೇಳಿಸಿ ನೋಡಿ. ಒಂದು ಭಾನುವಾರ ಇಬ್ಬರನ್ನೂ ಚಂದ್ರಂಪಳ್ಳಿ ಕೆರೆಯ ಕಡೆ ಕರೆದುಕೊಂಡು ಹೋಗಿ. ಮಾವನವರು ಹರೆಯದಲ್ಲಿ ಅಲೆದಾಡಿದ ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮ ಆಗಿದೆ, ಸುಮಾರು 135 ಚದರ ಕಿಲೋಮೀಟರ್. ಅವರು ಶಿಕಾರಿ ಕಥೆ ಹೇಳಿದರೆ ಹೇಳಲಿ, ತಡೆಯಬೇಡಿ. ಹೊಡೆದದ್ದನ್ನು ಮುಚ್ಚಿಟ್ಟು ಬರೀ ದಯೆ ಕಲಿಸಿದರೆ ಹುಡುಗ ನಂಬುವುದಿಲ್ಲ.

ಕೊನೆಗೆ ಅಟ್ಟದ ಮೇಲಿನ ಕೊಂಬು. ಅದನ್ನು ಇಳಿಸಿದ ದಿನ ಏನಾದರೂ ಹೇಳಿದರಾ ಅಂತ ನೀವು ಬರೆದಿಲ್ಲ, ಬಹುಶಃ ಏನೂ ಹೇಳಿರಲಿಕ್ಕಿಲ್ಲ. ಆದರೆ ಅಟ್ಟಕ್ಕೆ ಹಾಕಿದರೆ ಕಾನೂನು ಮುಗಿಯುವುದಿಲ್ಲ. ಚಿಗರಿ, ಅಂದ್ರೆ ಕೃಷ್ಣಮೃಗ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ. ಅದರ ಬೇಟೆಗೆ ಕನಿಷ್ಠ 3 ವರ್ಷ, 7 ವರ್ಷದ ತನಕ ಜೈಲು. 1972ರಲ್ಲಿ ಕಾಯ್ದೆ ಬಂದಾಗ ಮಾವನವರಿಗೆ ಇಪ್ಪತ್ತರ ಆಸುಪಾಸು. ಕೊಂಬು ಅದಕ್ಕಿಂತ ಹಿಂದಿನದೇ ಇದ್ದರೂ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕಾಡಿನಲ್ಲಿ ಬಿದ್ದದ್ದು ಸಿಕ್ಕಿತು ಅನ್ನುವ ಮಾತೂ ನಡೆಯುವುದಿಲ್ಲ. ಕಡವೆ, ಚುಕ್ಕೆ ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರುತ್ತದೆ, ಚಿಗರಿಯದ್ದು ಸಾಯುವ ತನಕ ಉದುರುವುದಿಲ್ಲ. ಮಾರಬೇಡಿ, ಯಾರಿಗೂ ಕೊಡಬೇಡಿ, ರಾತ್ರಿ ಒಯ್ದು ಹಳ್ಳಕ್ಕೆ ಎಸೆಯಲೂ ಬೇಡಿ. ಹಳೆಯ ಕಾಗದಪತ್ರದ ಪೆಟ್ಟಿಗೆಯಲ್ಲಿ ಪ್ರಮಾಣಪತ್ರ ಇದೆಯಾ ಹುಡುಕಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕೇಳಿ, ಅವರ ಜೊತೆಗೇ ಅರಣ್ಯ ಇಲಾಖೆಗೆ ಹೋಗಿ. ಮಾವನವರನ್ನೂ ಮೊದಲೇ ಕೂರಿಸಿಕೊಂಡು ಮಾತಾಡಿ, ಅವರಿಗೆ ತಿಳಿಯದ ಹಾಗೆ ಮಾಡಬೇಡಿ.